ಕ್ಲಬ್ಬಿನ ಗೋಡೆಯ ಮೇಲಿನ ಕೊಕ್ಕರೆ

ಶನಿವಾರ, ಸಂಜೆ

ಮೊದಲ ಸಾಲಿನ ನಡುಗುರ್ಚಿಯಲ್ಲಿ ಕೂತ ಮಗಳೇ, ಅವಳ ಪಕ್ಕದಲ್ಲಿ ಕನ್ನಡಕ ಒರೆಸಿಕೊಳ್ಳುತ್ತಿರುವ ಅಳಿಯಂದಿರೇ, ಯಾರ ಮಡಿಲಲ್ಲೂ ನಿಲ್ಲದೆ ಕುರ್ಚಿಗಳ ಕೆಳಗೆ ನುಸುಳುತ್ತಿರುವ ಪುಟಾಣಿಯೇ, ಗೋಡೆಯಾಚೆ ಒಲೆಯನ್ನು ಸಣ್ಣಗೆ ಮಾಡಿ ಕಿವಿಗೊಟ್ಟಿರುವ ನೆರೆಮನೆಯವರೇ, ನಿಮಗೆಲ್ಲ ಈ ಮುದುಕನ ನಮಸ್ಕಾರ ಅಥವಾ ಆಶೀರ್ವಾದ, ಯಾರಿಗೆ ಯಾವುದು ಸಲ್ಲುತ್ತದೋ ಅದು. ದೀಪಗಳು ಆರಲಿ, ಪರದೆ ಏಳಲಿ.

ಪರದೆ ಏಳುವುದು ತಡವಾಯಿತು, ಬಲ್ಲೆ. ಕ್ಷಮಿಸು ಮಗಳೇ. ನೀನು ಫೋನ್ ಮಾಡಿದಾಗಲೆಲ್ಲ "ಅಪ್ಪಾ, ಅಮ್ಮ ಯಾಕೆ ನನ್ನ ಫೋನ್ ಎತ್ತಲ್ಲ?" ಎಂದು ಕೇಳಿದೆ. ನಾನು ಪ್ರತಿ ಸಲವೂ "ಸ್ನಾನಕ್ಕೆ ಹೋಗಿದ್ದಾಳೆ" ಎಂದೆ. ನಾನು ಹೇಳಿದ್ದೆಲ್ಲ ನಿಜವಾಗಿದ್ದರೆ ನಿನ್ನ ಅಮ್ಮ ಇಷ್ಟರಲ್ಲಿ ಸೋಪಿನ ಹಾಗೆ ಕರಗಿಹೋಗಿರಬೇಕಿತ್ತು. ಫೋನಿನಲ್ಲಿ ನಿಜ ಹೇಳಲು ನನಗೆ ಬರುವುದಿಲ್ಲ. ನಾನು ಪಿಸುಗುಟ್ಟಿದರೂ ಗ್ಯಾಲರಿಯ ಕೊನೆಯ ಬೆಂಚಿಗೆ ಕೇಳಿಸುವಂತೆ ನಾಟಕದವರಾದ ನನ್ನ ಅಪ್ಪ ತಾಲೀಮು ಮಾಡಿಸಿಬಿಟ್ಟಿದ್ದಾರೆ. ನಿನ್ನ ಅಮ್ಮ ಇರುವುದು ಗ್ಯಾಲರಿಯಲ್ಲಲ್ಲ, ಪಕ್ಕದ ಕೋಣೆಯಲ್ಲಿ. ಆದ್ದರಿಂದ ಕಾಗದ. ಎಂದಿನಂತೆ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದು.

ಇಷ್ಟು ಬರೆಯುವಷ್ಟರಲ್ಲಿ ಎರಡು ಬಾರಿ ಎದ್ದು ಬಾಗಿಲವರೆಗೂ ಹೋಗಿ ಬಂದಿದ್ದೇನೆ. ಕೂತರೆ ನಿಲ್ಲಬೇಕೆನಿಸುತ್ತದೆ, ನಿಂತರೆ ನಡೆಯಬೇಕೆನಿಸುತ್ತದೆ. ಬಾಗಿಲ ಹಿಂದೆ ಒಂದು ಉದ್ದನೆಯ ಕಾಗದದ ಸುರುಳಿ ನಿಂತಿದೆ. ಅದನ್ನು ಮುಟ್ಟಿ ನೋಡಿ ಮತ್ತೆ ಬಂದು ಕೂರುತ್ತೇನೆ. ಆ ಸುರುಳಿಯ ಕಥೆಯನ್ನೇ ಹೇಳಬೇಕು. ಅದನ್ನು ಹೇಳಿದರೆ ಅಮ್ಮನ ಕಥೆಯನ್ನೂ ಹೇಳಿದಂತೆ.

ನಮ್ಮ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನವರು ಒಳಾಂಗಣಕ್ಕೆ ಹೊಸದಾಗಿ ಸುಣ್ಣಬಣ್ಣ ಮಾಡಿಸಿದರು. ಮೊಗಸಾಲೆಯ ಉದ್ದನೆಯ ಗೋಡೆ ಬರಿದಾಗಿ ಕಾಣತೊಡಗಿತು. ಅಲ್ಲಿ ದಂತಕಥೆಯೊಬ್ಬರ ದೊಡ್ಡ ಚಿತ್ರ ಅಂಟಿಸಬೇಕೆಂದು ಸಭೆ ಸೇರಿತು. ಯಾರ ಚಿತ್ರ ಎಂಬ ಪ್ರಶ್ನೆಯೇ ಏಳಲಿಲ್ಲ. ಈ ಕ್ಲಬ್ಬಿಗೆ ಕಪ್ ಗೆದ್ದು ತಂದವಳು ಒಬ್ಬಳೇ, ಜನ ಕೊಕ್ಕರೆ ಎಂದು ಕೂಗುತ್ತಿದ್ದವಳು ಒಬ್ಬಳೇ, ನಿನ್ನ ಅಮ್ಮ. ಅಂಥವಳು ಅಂಗಣದ ಮೈಕಿನ ಮುಂದೆ ಕೂತು ಅಂಕ ಸಾರುತ್ತಿದ್ದ ಕುಳ್ಳನೊಬ್ಬನನ್ನು ಮದುವೆಯಾದಾಗ ಜನ ಅವನಿಗೂ ಕಪ್ಪೆ ಎಂದು ಹೆಸರಿಟ್ಟರು. ಕೊಕ್ಕರೆ ಕಪ್ಪೆಯನ್ನು ನುಂಗುತ್ತದೆ ಎಂದು ನಕ್ಕವರೇ ಬಹಳ. ನುಂಗಿಲ್ಲ, ಇಷ್ಟು ವರ್ಷ ಕೊಕ್ಕಿನಲ್ಲಿ ಹಿಡಿದುಕೊಂಡೇ ಓಡಾಡಿದ್ದಾಳೆ.

ಕ್ಲಬ್ಬಿನ ಕಾರ್ಯದರ್ಶಿ ನನ್ನ ಹೆಗಲ ಮೇಲೆ ಕೈಯಿಟ್ಟು, "ಅಣ್ಣಾ, ನಿಮ್ಮನೇಲಿ ಒಳ್ಳೇ ಫೋಟೊ ಇರುತ್ತಲ್ಲ, ನೀವೇ ನಿಂತು ಮಾಡಿಸಿಬಿಡಿ. ಅತ್ತಿಗೆಗೆ ಈಗಲೇ ಹೇಳಬೇಡಿ, ದಿಗ್ಗನೆ ತೋರಿಸೋಣ," ಎಂದ. ದಿಗ್ಗನೆ ತೋರಿಸುವುದೆಂದರೆ ನನಗೆ ಹೇಳಿಕೊಡಬೇಕೆ? ಪರದೆ ಸರ್ರನೆ ಸರಿದು ರಾಜಸಭೆ ಕಾಣುವ ಕ್ಷಣಕ್ಕಾಗಿ ನಾನು ಹುಟ್ಟಿದ ದಿನದಿಂದ ರಂಗದ ಪಕ್ಕದ ಪರದೆಗಳ ಹಿಂದೆ ಕಾದವನು. ಪೆಟ್ಟಿಗೆಯ ತಳದಿಂದ ಆ ಫೋಟೊ ತೆಗೆದೆ. ಫೈನಲ್ ಪಂದ್ಯದ್ದು. ಅಮ್ಮ ನೆಲ ಬಿಟ್ಟು ಎದ್ದಿದ್ದಾಳೆ, ಮೈಯೆಲ್ಲ ಒಂದೇ ಗೆರೆ, ಚೆಂಡು ಬೆರಳ ತುದಿಯಲ್ಲಿ ಇನ್ನೂ ಇದೆ ಎನ್ನಬೇಕೋ ಹೋಯಿತು ಎನ್ನಬೇಕೋ ತಿಳಿಯದು. ಎದೆಯ ಮೇಲೆ ಹನ್ನೊಂದು. ಹಿಂದಿನ ಜನ ಎಲ್ಲ ಮಸುಕು.

ಪ್ರಿಂಟಿಂಗ್ ಅಂಗಡಿಗೆ ಹೋದೆ. ಅಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಹೆಂಗಸಿಗೆ ಬಾಯಿ ಕಡಿಮೆ, ಕೈ ಚುರುಕು. ಫೋಟೊವನ್ನು ಗೋಡೆಯ ಅಳತೆಗೆ ಹಿಗ್ಗಿಸಿದಳು. ಗೆರೆ ತೀಡಿದಳು, ಕಲೆ ಅಳಿಸಿದಳು, ಅಂಚಿಗೆ ಬಂಗಾರದ ಬಣ್ಣದ ಧೂಳು ಹಾರಿಸಿದಳು. ನಾನು ಹಿಂದೆ ನಿಂತು ಕಣ್ಣು ಅರೆಮುಚ್ಚಿ ನೋಡಿದೆ. ಏನೋ ಸರಿಯಿಲ್ಲ. ಆಮೇಲೆ ಹೊಳೆಯಿತು. ಆ ಗೋಡೆಯ ಬಲತುದಿಗೆ ಅಂಗಣದ ಬಾಗಿಲು, ಎಡತುದಿಗೆ ಶೌಚಾಲಯ. ಚಿತ್ರದಲ್ಲಿ ಅಮ್ಮ ಹಾರುತ್ತಿರುವುದು ಎಡಕ್ಕೆ.

"ತಾಯೀ, ಇವಳು ಶೌಚಾಲಯದ ಕಡೆ ಹಾರ್ತಿದಾಳಲ್ಲ," ಎಂದೆ.

"ಅವಸರ ಇರಬಹುದು," ಎಂದಳು ಆ ಹೆಂಗಸು. ನಗಲೂ ಇಲ್ಲ.

ನನ್ನ ಅಪ್ಪ ಕಂಪನಿ ನಾಟಕದಲ್ಲಿ ರಾಜನ ಪಾರ್ಟು ಮಾಡುವಾಗ ಒಂದು ಮಾತು ಹೇಳುತ್ತಿದ್ದರು: ನಾಯಕನಾದವನು ಬಾಗಿಲಿಗೆ ಬೆನ್ನು ಕೊಟ್ಟು ಕಾಣಿಸಿಕೊಳ್ಳಬಾರದು, ಕಾಣಿಸಿಕೊಂಡರೆ ನೋಡುವವರಿಗೆ ಅವನು ಓಡಿಹೋಗುತ್ತಿರುವಂತೆ ಕಾಣುತ್ತದೆ. ಅಪ್ಪನ ಮಾತನ್ನು ನಾನು ಅಂಗಡಿಯಲ್ಲಿ ಪೂರ್ತಿ ಅಭಿನಯಿಸಿ ತೋರಿಸಿದೆ. ಆ ಹೆಂಗಸು ಕಾದು, ನಾನು ಮುಗಿಸಿದ ಮೇಲೆ, "ತಿರುಗಿಸಬೇಕಾ?" ಎಂದು ಕೇಳಿದಳು. ನಾನು ತಲೆ ಆಡಿಸಿದೆ. ಅವಳು ಬೆರಳು ಒತ್ತಿದಳು. ಅಮ್ಮ ಬಲಕ್ಕೆ ಹಾರಿದಳು. ಎಂಥ ಹಾರಾಟ ಮಗಳೇ, ನನಗೆ ಕಣ್ಣು ತುಂಬಿ ಬಂತು. ಹನ್ನೊಂದು ತಿರುಗಿಸಿದರೂ ಹನ್ನೊಂದೇ. ಎದೆಯ ಲಾಂಛನ ದುಂಡಗಿನ ಚೆಂಡು, ಅದೂ ಹಾಗೆಯೇ. ಇದು ಕನ್ನಡಿಯ ಬಿಂಬ ಎಂದು ಯಾವ ಅಕ್ಷರವೂ ಕೂಗಿ ಹೇಳಲಿಲ್ಲ. ನಾನು ಅಂಗಡಿಯಿಂದ ಹಾಡಿಕೊಂಡು ಹೊರಟೆ.

ಅನಾವರಣ ಹೋದ ತಿಂಗಳ ಕೊನೆಯ ಭಾನುವಾರ. ಅಮ್ಮನನ್ನು ಯಾವುದೋ ಮಕ್ಕಳ ಪಂದ್ಯದ ಬಹುಮಾನ ಕೊಡಬೇಕೆಂದು ಹೇಳಿ ಕರೆದುಕೊಂಡು ಹೋದೆ. ಬೆಳಗಿನಿಂದಲೇ ಅವಳ ಮುಖ ಬಾಡಿತ್ತು. ನಿದ್ದೆ ಕೆಟ್ಟಿರಬೇಕು ಎಂದುಕೊಂಡೆ. ಮೊಗಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ. ನಾನು ಮೈಕು ಹಿಡಿದೆ. ಬಿಡು, ನಾನು ಏನು ಹೇಳಿದೆ ಎಂದು ಬರೆದರೆ ಕಾಗದ ಸಾಲದು. ಪರದೆ ಸರಿಯಿತು. ಚಪ್ಪಾಳೆ ಮೊಗಸಾಲೆಯ ಆ ತುದಿಗೆ ಹೋಗಿ ಈ ತುದಿಗೆ ಬಂತು. ಕ್ಲಬ್ಬಿನ ಅಧ್ಯಕ್ಷರು ಮೈಕನ್ನು ನನ್ನಿಂದ ಕಿತ್ತುಕೊಂಡು, "ಆವತ್ತು ನಾನು ಮುಂದಿನ ಸಾಲಲ್ಲೇ ಕೂತಿದ್ದೆ. ಇವರು ಥೇಟ್ ಹೀಗೇ ಹಾರಿದ್ದು. ಕಣ್ಣಿಗೆ ಕಟ್ಟಿದ ಹಾಗಿದೆ," ಎಂದರು.

ಅಮ್ಮ ನೋಡಿದಳು. ಅಡಿಯಿಂದ ಮುಡಿಯವರೆಗೆ ನೋಡಲಿಲ್ಲ. ನೇರ ಒಂದೇ ಕಡೆ ನೋಡಿದಳು, ಮೇಲೆ, ಚೆಂಡಿನ ಹತ್ತಿರ. ಆಮೇಲೆ ಅಧ್ಯಕ್ಷರಿಗೆ ಕೈಮುಗಿದಳು, ಮಕ್ಕಳ ತಲೆ ಸವರಿದಳು, ನನ್ನ ಕಡೆ ತಿರುಗದೆ ಹೊರಗೆ ನಡೆದಳು. ಜನ ದಾರಿ ಬಿಟ್ಟರು. "ಪಾಪ, ತುಂಬಾ ಭಾವುಕರಾಗಿಬಿಟ್ರು," ಎಂದು ಯಾರೋ ಅಂದರು. ನಾನೂ ಹಾಗೆಯೇ ನಂಬಿದೆ. ನನ್ನ ಅದ್ದೂರಿ ಕಂಡು ಅವಳಿಗೆ ಮಾತು ಬಾರದಂತಾಗಿದೆ ಎಂದು ಒಳಗೊಳಗೇ ಬೀಗಿದೆ.

ಮಾತು ಬಾರದಂತಾಗಿದ್ದು ಹೌದು. ಮನೆಗೆ ಬಂದವಳು ಅನ್ನಕ್ಕೆ ಕರೆದಳು, ಬಾಗಿಲು ಹಾಕಿದಿರಾ ಎಂದು ಕೇಳಿದಳು, ಅಷ್ಟೇ. ಮರುದಿನವೂ ಅಷ್ಟೇ. ಒಂದು ವಾರ ನಾನು ಈ ಮನೆಯಲ್ಲಿ ಒಬ್ಬನೇ ಸಂಭಾಷಣೆ ಹೇಳಿದೆ. ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ. ಸಾಲದ್ದಕ್ಕೆ ನಿನ್ನ ಫೋನು ಬಂದರೆ ಅದನ್ನು ನನ್ನ ಕೈಗೆ ತುರುಕಿ ಒಳಗೆ ಹೋಗುತ್ತಿದ್ದಳು. ನನಗೆ ಏನು ತಪ್ಪಾಯಿತೆಂದು ಗೊತ್ತಿಲ್ಲ. ನಿದ್ದೆಯಲ್ಲೂ ಮೊಗಸಾಲೆಯ ಉದ್ದಕ್ಕೆ ನಡೆಯುತ್ತಿದ್ದೆ.

ಆಮೇಲೆ ಒಂದು ಮಧ್ಯಾಹ್ನ ಕೆಳಮನೆಯ ದರ್ಜಿ ಬಂದ. ಅನಾವರಣಕ್ಕೆ ಬರಲಾಗಲಿಲ್ಲ, ಚಿತ್ರ ಹೇಗಿದೆ ಎಂದು ಕೇಳಿದ. ನಿನ್ನ ಅಪ್ಪನನ್ನು ಹೀಗೆ ಕೇಳಬಾರದು. ಸ್ಟೂಲು ಎಳೆದೆ, ಹತ್ತಿದೆ, ಒಂದು ಕಾಲು ಮಡಚಿದೆ, ಬಲಗೈ ಚಾಚಿದೆ, ಅಂಗೈಯಲ್ಲಿ ಚೆಂಡಿನ ಬದಲು ಉಪ್ಪಿನ ಡಬ್ಬಿ. "ಹೀಗೆ," ಎಂದೆ.

"ಸ್ಟೂಲು ಅಲ್ಲಾಡ್ತಿದೆ ಸ್ವಾಮಿ," ಎಂದ ದರ್ಜಿ.

"ಅಲ್ಲಾಡೋದು ಸ್ಟೂಲಲ್ಲ, ಇತಿಹಾಸ," ಎಂದೆ.

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಕೈ ಒರೆಸಿಕೊಳ್ಳುತ್ತ, "ಆ ಕೈಯಲ್ಲಿ ನಾನು ಜನ್ಮದಲ್ಲಿ ಒಂದು ಚೆಂಡೂ ಹಾಕಿಲ್ಲ. ಅಲ್ಲಿ ಅಂಟಿಸಿರೋದು ನನ್ನನ್ನಲ್ಲ," ಎಂದಳು. ಡಬ್ಬಿ ಕೊಡಿ ಎಂದು ಕೈಚಾಚಿದಳು, ತೆಗೆದುಕೊಂಡು ಒಳಗೆ ಹೋದಳು. ದರ್ಜಿ ಚಪ್ಪಲಿ ಹುಡುಕಿದ. ನಾನು ಸ್ಟೂಲಿನ ಮೇಲೆಯೇ ಉಳಿದೆ.

ಅಷ್ಟು ವರ್ಷ ಅವಳ ಪಂದ್ಯಗಳನ್ನು ಮೈಕಿನಲ್ಲಿ ಸಾರಿದವನು ನಾನು. ಎಡಗೈ, ಎಡಗೈ, ಮತ್ತೆ ಎಡಗೈ ಎಂದು ಗಂಟಲು ಹರಿದುಕೊಂಡವನು. ಅಂಥವನು ಅಂಗಡಿಯಲ್ಲಿ ನಿಂತು ಅವಳ ಕೈ ಬದಲಾದದ್ದನ್ನು ಕಾಣಲಿಲ್ಲ. ದಿಕ್ಕು ನೋಡಿದೆ, ಬಾಗಿಲು ನೋಡಿದೆ, ಪ್ರವೇಶ ನೋಡಿದೆ. ಪಾತ್ರವನ್ನು ನೋಡಲಿಲ್ಲ.

ಇಳಿದು ಒಳಗೆ ಹೋಗಿ, "ತಪ್ಪಾಯ್ತು, ತೆಗೆಸ್ತೀನಿ," ಎಂದೆ. ನಗುತ್ತಾಳೆ ಎಂದುಕೊಂಡಿದ್ದೆ. ಇದು ನಗುವಂಥ ತಪ್ಪೇ ಅಲ್ಲವೆ? ಅವಳು ನಗಲಿಲ್ಲ. ಕುರ್ಚಿ ಎಳೆದು ಕೂತಳು. ಮದುವೆಯಾದ ಹೊಸತರಲ್ಲಿ ನಾನೊಮ್ಮೆ ಕೇಳಿದ್ದೆ, ನೀನು ಆಡೋದು ಎಡಗೈಯಲ್ಲಿ, ಬರೆಯೋದು ಉಣ್ಣೋದು ಮಾತ್ರ ಯಾಕೆ ಬಲಗೈಯಲ್ಲಿ ಎಂದು. ಅಭ್ಯಾಸ ಎಂದಿದ್ದಳು. ನಾನು ಅಲ್ಲಿಗೇ ಬಿಟ್ಟಿದ್ದೆ. ಈಗ ಹೇಳಿದಳು. ಚಿಕ್ಕವಳಿದ್ದಾಗ ನಿನ್ನ ಅಜ್ಜಿ ಇವಳ ಎಡಗೈಗೆ ಒಂದು ಕಾಲುಚೀಲ ತೊಡಿಸಿ ಮಣಿಕಟ್ಟಿಗೆ ದಾರ ಕಟ್ಟುತ್ತಿದ್ದರಂತೆ. ಊಟಕ್ಕೆ ಕೂರುವಾಗ, ಬರೆಯುವಾಗ, ನೆಂಟರು ಬಂದಾಗ. ಹೊಡೆಯುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ. ಮುದ್ದಾಗಿಯೇ ಕಟ್ಟುತ್ತಿದ್ದರು. ಶಾಲೆಯಲ್ಲಿ ಟೀಚರಮ್ಮ ಅದೇ ಕಾಲುಚೀಲ ಕೇಳಿ ತರಿಸಿಕೊಂಡರಂತೆ.

"ಬೆವರಿ ಬೆವರಿ ಕೈ ಬೆಳ್ಳಗೆ ಸುಕ್ಕಾಗೋದು. ಬಿಚ್ಚಿದಾಗ ಅದು ನನ್ನ ಕೈ ಅಂತ ಅನ್ನಿಸ್ತಾನೇ ಇರ್ಲಿಲ್ಲ," ಎಂದಳು ಅಮ್ಮ.

ಆಮೇಲೆ ಈ ಅಂಗಣಕ್ಕೆ ಬಂದಳು. ಮೊದಲ ದಿನ ಚೆಂಡು ಅವಳತ್ತ ಬಂದಾಗ ಯೋಚಿಸಲು ಸಮಯವಿರಲಿಲ್ಲವಂತೆ. ಎಡಗೈ ತಾನೇ ಹೋಯಿತು. ಕೋಚ್ ಶಿಳ್ಳೆ ಊದಿ ಆಟ ನಿಲ್ಲಿಸಿದರು. ಇವಳು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಕೋಚ್ ಹತ್ತಿರ ಬಂದು, "ಅದನ್ನ ಯಾಕಮ್ಮ ಒಳಗಿಟ್ಟಿದ್ದೀಯ? ಹೊರಗೆ ತೆಗಿ. ನಮಗೆ ಅದೇ ಬೇಕು," ಎಂದರಂತೆ. ಅಷ್ಟೇ ಮಾತು. ಆ ನಾಲ್ಕು ಗೆರೆಗಳ ಒಳಗೆ ಮಾತ್ರ ಅವಳ ಕೈಯನ್ನು ಯಾರೂ ತಿದ್ದಲಿಲ್ಲ.

"ಮನೇಲಿ ತಿರುಗಿಸಿದ್ರು, ಶಾಲೇಲಿ ತಿರುಗಿಸಿದ್ರು. ಅಲ್ಲೊಂದು ಕಡೆ ಉಳ್ಕೊಂಡಿದ್ದೆ. ಅಲ್ಲಿಗೂ ಬಂದು ತಿರುಗಿಸಿದ್ರಲ್ಲ," ಎಂದಳು. ನನ್ನನ್ನು ಬಯ್ಯುವ ದನಿಯಲ್ಲಿ ಅಲ್ಲ. ಹಾಗೆ ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾನು ಅಂಗಡಿಗೆ ಓಡಿದೆ. ಆ ಹೆಂಗಸು ಕಥೆ ಕೇಳಿ ಮೊದಲಿನ ಚಿತ್ರವನ್ನು ಹುಡುಕಿ ತೆಗೆದಳು, ತಿರುಗಿಸದೆ ಅಚ್ಚು ಹಾಕಿ ಕೊಟ್ಟಳು. ಅದೇ ಬಾಗಿಲ ಹಿಂದಿನ ಸುರುಳಿ. ಸುರುಳಿ ಹೊತ್ತು ಕಾರ್ಯದರ್ಶಿಯ ಮುಂದೆ ನಿಂತೆ.

"ಅಣ್ಣಾ, ಯಾವ ಕೈ ಅಂತ ಯಾರು ನೋಡ್ತಾರೆ?" ಎಂದ.

"ನೋಡಬೇಕಾದವಳು ನೋಡಿದಾಳಪ್ಪ," ಎಂದೆ.

"ಅಧ್ಯಕ್ಷರು ಮೈಕಲ್ಲಿ ಥೇಟ್ ಹೀಗೇ ಅಂದುಬಿಟ್ಟಿದ್ದಾರೆ. ಈಗ ಬದಲಾಯಿಸಿದ್ರೆ ಅವರ ಮುಖ ಎಲ್ಲಿ ಇಡೋದು? ಅಲ್ದೆ ಇದು ಶೌಚಾಲಯದ ಕಡೆ ಹಾರುತ್ತೆ."

"ಎದುರುಗೋಡೆಗೆ ಅಂಟಿಸೋಣ. ಅಲ್ಲಿ ಎಡಕ್ಕೆ ಹಾರಿದ್ರೆ ಅಂಗಣದ ಬಾಗಿಲೇ ಸಿಗುತ್ತೆ," ಎಂದೆ. ಎಂಥ ಯುಕ್ತಿ ಎಂದು ನನಗೇ ಹೆಮ್ಮೆಯಾಯಿತು.

ಎದುರುಗೋಡೆಯ ತುಂಬ ಮಾಜಿ ಅಧ್ಯಕ್ಷರ ಫೋಟೊಗಳು ಚೌಕಟ್ಟಿನಲ್ಲಿ ಕೂತಿವೆ. ಅವರೊಬ್ಬರೂ ಜನ್ಮದಲ್ಲಿ ನೆಲ ಬಿಟ್ಟು ಎದ್ದವರಲ್ಲ. ಕಾರ್ಯದರ್ಶಿ ಅವರನ್ನೆಲ್ಲ ಒಮ್ಮೆ ನೋಡಿ, ನನ್ನನ್ನು ನೋಡಿ, "ಪಂದ್ಯಾವಳಿ ಮುಗೀಲಿ, ಆಮೇಲೆ ನೋಡೋಣ. ನೀವಾಗಿ ಏನಾದ್ರೂ ಮಾಡಿದ್ರೆ ಈ ಸಲ ಮೈಕಿಗೆ ಬೇರೆಯವರನ್ನ ಕೂರಿಸಬೇಕಾಗುತ್ತೆ," ಎಂದ. ನಯವಾಗಿಯೇ ಹೇಳಿದ. ಮೈಕು ಹೋದರೆ ನನಗೆ ಉಳಿಯುವುದೇನು ಎಂದು ಅವನಿಗೆ ಚೆನ್ನಾಗಿ ಗೊತ್ತು.

ಮನೆಗೆ ಬಂದು ಅಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಗೋಡೆ, ಅಧ್ಯಕ್ಷರು, ಶೌಚಾಲಯ, ಮೈಕು ಎಲ್ಲ. ಅವಳು ಸುರುಳಿಯನ್ನು ನೆಲದ ಮೇಲೆ ಹಾಸಲು ಹೇಳಿದಳು. ಕೋಣೆ ಸಾಲಲಿಲ್ಲ, ಕಾಲುಗಳು ಮಂಚದ ಕೆಳಗೆ ಹೋದವು. ಮಂಡಿಯೂರಿ ಕೂತು ಚಿತ್ರದ ಬೆರಳುಗಳ ಮೇಲೆ ತನ್ನ ಬೆರಳುಗಳನ್ನು ಇಟ್ಟು ನೋಡಿದಳು.

"ಶೌಚಾಲಯದ ಕಡೆಗೇ ಹಾರಲಿ ಬಿಡಿ," ಎಂದಳು. "ನನ್ನ ಕೈಯಲ್ಲಿ ಹಾರಲಿ."

ಇದು ಮೊನ್ನೆಯ ಮಾತು. ಅಂದಿನಿಂದ ನನಗೆ ಕಾಲು ಒಂದು ಕಡೆ ನಿಲ್ಲುತ್ತಿಲ್ಲ. ಪಂದ್ಯಾವಳಿ ಶುರುವಾಗುವುದು ಸೋಮವಾರ. ಬೇರೆ ಸುದ್ದಿ ಏನೂ ಇಲ್ಲ. ನನ್ನ ಮಂಡಿನೋವು ಹಾಗೇ ಇದೆ. ದರ್ಜಿ ನನ್ನ ಹಳೆಯ ಕೋಟನ್ನು ಸಡಿಲ ಮಾಡಿಕೊಟ್ಟ, ಹೊಟ್ಟೆಯ ಬಗ್ಗೆ ಒಂದು ಮಾತೂ ಆಡದೆ. ಅಳಿಯಂದಿರ ಬೆನ್ನುನೋವು ವಾಸಿಯಾಯಿತೆ? ಪುಟಾಣಿಗೆ ಹಲ್ಲು ಬರುವಾಗ ಜ್ವರ ಬಂದಿತ್ತಲ್ಲ, ಈಗ ಆರಾಮ ತಾನೆ? ಅವಳ ಕೆನ್ನೆಗೆ ನನ್ನ ಮೀಸೆ ಚುಚ್ಚುವಂಥ ಒಂದು ಮುತ್ತು. ನೀವು ಮೂವರೂ ನೂರು ಕಾಲ ಚೆನ್ನಾಗಿರಿ, ನಿಮ್ಮ ಮನೆಯಲ್ಲಿ ಸದಾ ಚಪ್ಪಾಳೆಯ ಸದ್ದಿರಲಿ.

ನಿನ್ನ ಪ್ರೀತಿಯ ಅಪ್ಪ,
ಊರವರ ಪಾಲಿಗೆ ಕಪ್ಪೆ

ಮರೆತ ಮಾತು: ಮರೆತದ್ದಲ್ಲ. ನಿನ್ನ ಪ್ರಶ್ನೆಗೆ ಉತ್ತರ ಬರೆಯದೆ ಸಹಿ ಹಾಕಿಬಿಟ್ಟೆ, ಕೈ ನಡೆಯಲಿಲ್ಲ. ಇಲ್ಲಿಂದ ಮುಂದಿನದು ಸಭೆಗಲ್ಲ, ನಿನಗೆ ಮಾತ್ರ. ಗಟ್ಟಿಯಾಗಿ ಓದಬೇಡ.

ಅನಾವರಣದ ದಿನ ಬೆಳಿಗ್ಗೆ ನೀನು ಪುಟಾಣಿ ಊಟ ಮಾಡುವ ವಿಡಿಯೊ ಕಳಿಸಿದ್ದೆ. ನಾನು ನೋಡಿ ನಕ್ಕು ಅಮ್ಮನಿಗೆ ಕೊಟ್ಟಿದ್ದೆ. ನಿನ್ನೆ ಅವಳು ಅದನ್ನು ನನಗೆ ಮತ್ತೆ ತೋರಿಸಿದಳು. ಪುಟಾಣಿ ಚಮಚಕ್ಕೆ ಎಡಗೈ ಚಾಚುತ್ತಾಳೆ. ಪಕ್ಕದಿಂದ ನಿನ್ನ ಕೈ ಬರುತ್ತದೆ, ಮೆಲ್ಲಗೆ ಚಮಚವನ್ನು ಬಿಡಿಸಿ ಬಲಗೈಗೆ ಕೊಡುತ್ತದೆ. "ಅದಲ್ಲ ಬಂಗಾರ, ಒಳ್ಳೇ ಕೈ, ಒಳ್ಳೇ ಕೈ," ಎನ್ನುತ್ತೀಯ. ಮುದ್ದಾಗಿಯೇ ಹೇಳುತ್ತೀಯ.

ನಿನ್ನ ಅಜ್ಜಿ ದಾರ ಕಟ್ಟುವಾಗ ಹೇಳುತ್ತಿದ್ದ ಮಾತೂ ಅದೇ ಅಂತೆ. ನಿನಗದು ಎಲ್ಲಿಂದ ಬಂತು ಎಂದು ನೀನು ಯೋಚಿಸಿರಲಾರೆ. ನೀನು ತೊದಲು ನಡೆಯುವ ಕಾಲಕ್ಕೆ ಅಮ್ಮ ತಂಡದ ತರಬೇತಿಗೆಂದು ಒಂದು ಇಡೀ ಹಂಗಾಮು ಊರೂರು ತಿರುಗಿದಳು, ನಾನು ಮೈಕು ಹೊತ್ತು ಜತೆಗೇ ಹೋದೆ. ನೀನು ಅಜ್ಜಿಯ ಹತ್ತಿರ ಉಳಿದೆ. ಅಮ್ಮ ಹೋಗುವಾಗ ನೀನು ಬಾಗಿಲಲ್ಲಿ ನಿಂತು ಎಡಗೈ ಬೀಸಿದ್ದೆಯಂತೆ. ವಾಪಸು ಬಂದಾಗ ಓಡಿಬಂದು ಬಲಗೈ ಚಾಚಿದೆಯಂತೆ. ನಾನೂ ಅಲ್ಲೇ ನಿಂತಿದ್ದೆ, ಏನೂ ಕಾಣಲಿಲ್ಲ. ಮಗುವನ್ನು ಅಷ್ಟು ದಿನ ಎದೆಗೆ ಒತ್ತಿಕೊಂಡು ಸಾಕಿದವಳ ಜತೆ ಜಗಳ ಆಡೋದು ಹೇಗೆ ಎಂದು ಅಮ್ಮ ಬಾಯಿ ಬಿಡಲಿಲ್ಲ. ಮತ್ತೆಂದೂ ತಂಡದ ಜತೆ ಹೋಗಲೂ ಇಲ್ಲ. ಯಾಕೆ ಬಿಟ್ಟೆ ಎಂದು ಊರೆಲ್ಲ ಕೇಳಿತು, ಮಂಡಿ ಎಂದು ಹೇಳಿದಳು. ನಾನೂ ಮೈಕಿನಲ್ಲಿ ಅದನ್ನೇ ಹೇಳಿದೆ.

ನೀನೂ ಎಡಗೈಯವಳಾಗಿಯೇ ಹುಟ್ಟಿದ್ದೆ, ಮಗಳೇ. ಅದು ನಿನಗೆ ಗೊತ್ತಿಲ್ಲದಿರುವುದೇ ಅವಳಿಗೆ ನುಂಗಲಾಗದ ತುತ್ತು. ನಿನ್ನ ಮೇಲೆ ಕೋಪವಿಲ್ಲ. "ಫೋನ್ ಎತ್ತಿದರೆ ಅತ್ತುಬಿಡುತ್ತೇನೆ, ಮಗಳು ಹೆದರಿಕೊಳ್ಳುತ್ತಾಳೆ" ಎಂದು ಅಮ್ಮ ಎತ್ತುತ್ತಿಲ್ಲ. ಇದನ್ನೆಲ್ಲ ನಿನಗೆ ತಿಳಿಸಲು ಅವಳು ಹೇಳಿಲ್ಲ. ಬೇಡ ಎಂದೂ ಹೇಳಿಲ್ಲ.

ಅಲ್ಲಿ ನಿನ್ನ ಮನೆಯಲ್ಲಿ ಏನು ಮಾಡಬೇಕೆಂದು ನಾನು ಹೇಳಿಕೊಡುವುದಿಲ್ಲ. ಇಲ್ಲಿಯದು ಹೇಳುತ್ತೇನೆ. ನಾಳೆ ಬೆಳಿಗ್ಗೆ ಕಾವಲುಗಾರ ಕ್ಲಬ್ಬಿನ ಗೇಟು ತೆಗೆಯುತ್ತಿದ್ದಂತೆ ಸುರುಳಿ ಹೆಗಲಿಗೇರಿಸಿ ಹೋಗುತ್ತೇನೆ. ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಏಣಿ ಹಾಕಿ ಹತ್ತಿ, ಆ ಒಳ್ಳೇ ಕೈಯನ್ನು ಗೋಡೆಯಿಂದ ಮೊದಲು ಕೀಳುತ್ತೇನೆ.